ಹೆನ್ರಿ ಎಂಬುವನ ಫೋನು

ಹೊಟ್ಟೆಕಿಚ್ಚು ಪಡುವವನಿಗೆ ದೊಡ್ಡ ಕಾರಣ ಬೇಕಾಗಿಲ್ಲ. ಆದರೂ ಲೋಕದ ಮಂದಿ ಇನ್ನೊಬ್ಬನ ಹತ್ತಿರ ಏನೋ ಇದೆ ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್ನಿನ ಶಿವಬಸಪ್ಪ ಏನೋ ಇಲ್ಲ ಎಂದು ಉರಿದುಕೊಂಡ. ಅವನ ಗೆಳೆಯ ಪಂಚಾಕ್ಷರಿಗೆ ಫೋನ್ ಬರುತ್ತಿರಲಿಲ್ಲ.

ಇದು ಬಯಲಾದದ್ದು ಒಂದು ಭಾನುವಾರ, ಪಂಚಾಕ್ಷರಿಯ ಮನೆಯ ಊಟದಲ್ಲಿ. ರೊಟ್ಟಿ, ಎಣಗಾಯಿ, ಮೊಸರು ಬಂದವು. ಜೊತೆಗೇ ಬಂದವರ ಫೋನುಗಳೂ ಒಂದರ ಹಿಂದೊಂದು ಕೂಗತೊಡಗಿದವು. ಒಬ್ಬನಿಗೆ ಕಾರಿನ ವಾರಂಟಿ ಮುಗಿಯಿತೆಂದು, ಇನ್ನೊಬ್ಬನಿಗೆ ಛಾವಣಿಗೆ ಸೋಲಾರ್ ಹಾಕಿಸೆಂದು, ಮತ್ತೊಬ್ಬನಿಗೆ ಅವನು ಕಾಲೇ ಇಡದ ರಾಜ್ಯದಲ್ಲಿ ಟೋಲ್ ಕಟ್ಟಿಲ್ಲವೆಂದು. ಎಲ್ಲರಿಗಿಂತ ಹೆಚ್ಚು ಕೂಗಿದ್ದು ಶಿವಬಸಪ್ಪನದು. ಅದಕ್ಕೆ ಕಾರಣ ಅವನೇ. ಹಿಂದೊಮ್ಮೆ ಯಾರೋ ಫೋನ್ ಮಾಡಿ, ಅವನ ಹೆಸರನ್ನು ನಡುವೆ ಮುರಿದು, "ಹಲೋ, ಮಿಸ್ಟರ್ ಶಿವಾ ಬಾಸ್" ಎಂದಿದ್ದರು. ಆಫೀಸಿನಲ್ಲಿ ಯಾರೂ ಬಾಸ್ ಎನ್ನದ ಮನುಷ್ಯ. ಆ ಸುಖಕ್ಕೆ ಸೋತು ಸೋಲಾರಿನ ಪುರಾಣವನ್ನು ಮಂಗಳಾರತಿಯವರೆಗೆ ಕೇಳಿದ್ದ. ಅಂದಿನಿಂದ ಇವನು ಎತ್ತುತ್ತಾನೆ ಎಂಬ ಸುದ್ದಿ ಅಮೆರಿಕದ ಈ ತುದಿಯಿಂದ ಆ ತುದಿಗೆ ಹಬ್ಬಿಬಿಟ್ಟಿತು.

ಪಂಚಾಕ್ಷರಿಯ ಫೋನ್ ಮಾತ್ರ ರೊಟ್ಟಿ ಬುಟ್ಟಿಯ ಪಕ್ಕದಲ್ಲಿ ಮೌನವ್ರತದ ಸ್ವಾಮಿಗಳ ಹಾಗೆ ಕುಳಿತಿತ್ತು.

"ನಿನ್ನ ಫೋನ್ ಕೆಟ್ಟೈತೇನು?" ಶಿವಬಸಪ್ಪ ಆಸೆಯಿಂದ ಕೇಳಿದ.

"ಛೇ. ಮೊನ್ನೆರ ತೊಗೊಂಡೀನಿ."

"ಮತ್ತ ಯಾಕ ದನಿ ಇಲ್ಲ?"

"ನಂಗ ಯಾರೂ ಫೋನ್ ಮಾಡೂದಿಲ್ಲಪಾ" ಎಂದ ಪಂಚಾಕ್ಷರಿ. ಬೇರೆ ಯಾರಾದರೂ ಈ ಮಾತಾಡಿದ್ದರೆ ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಪಂಚಾಕ್ಷರಿ ಅದನ್ನು ಬಂದವರಿಗೆ ಹೊಸ ಅಡಿಗೆಮನೆ ತೋರಿಸುವವನ ಹಾಗೆ ಹೇಳಿದ.

ಅವನ ಗುಟ್ಟಿನ ಹೆಸರು ಬೆಲ್ಲಾ. ತಿಂಗಳಿಗಿಷ್ಟು ಎಂದು ಕೊಟ್ಟರೆ ನಿಮ್ಮ ಫೋನಿನ ಬಾಗಿಲಲ್ಲಿ ಕುಳಿತುಕೊಳ್ಳುವ ಹೆಣ್ಣುದನಿಯ ಯಂತ್ರ. ಗುರುತಿಲ್ಲದ ನಂಬರಿನಿಂದ ಯಾರೇ ಫೋನ್ ಮಾಡಿದರೂ ಮೊದಲು ಅವಳು ಎತ್ತುತ್ತಾಳೆ. ಯಾರು, ಯಾಕೆ ಮಾಡಿದಿರಿ ಎಂದು ನಯವಾಗಿ ಕೇಳುತ್ತಾಳೆ. ಅವರು ಹೇಳಿದ್ದನ್ನು ನಿಮ್ಮ ಫೋನಿನ ಮೇಲೆ ಬರೆದು ತೋರಿಸುತ್ತಾಳೆ. ಎತ್ತುವುದು ಬಿಡುವುದು ನಿಮ್ಮಿಷ್ಟ. ಮಾರಾಟದವರು ಅವಳ ದನಿ ಕೇಳಿದ ಕೂಡಲೇ ಓಡುತ್ತಾರೆ.

"ಬೆಲ್ಲಾ ಅಂದ್ರ ಇರುವಿ ಮುಕರೂದಿಲ್ಲೇನ್ರೀ ಅಣ್ಣಾರ?" ಶಿವಬಸಪ್ಪನ ಹೆಂಡತಿ ಜಯದೇವಿ ನಕ್ಕಳು.

"ಈ ಬೆಲ್ಲಾ ಇರುವಿ ಓಡಸ್ತಾಳ್ರೀ ಅಕ್ಕಾರ."

ಮನೆಗೆ ಬರುವ ದಾರಿಯಲ್ಲಿ ಶಿವಬಸಪ್ಪ ಎರಡು ಸ್ಟಾಪ್ ಸೈನುಗಳಲ್ಲಿ ನಿಲ್ಲುವುದನ್ನೇ ಮರೆತ. "ಅವನ ಲಾನ್ ಹಸರ. ಅವನ ಬೇಸ್‌ಮೆಂಟ್‌ನ್ಯಾಗ ನೀರ ಬರೂದಿಲ್ಲ. ಈಗ ಅವಂಗ ಫೋನೂ ಬರೂದಿಲ್ಲ" ಎಂದ.

"ಹೊಟ್ಟಿ ಉರಕೊಳ್ಳಾಕೂ ಒಂದು ರೀತಿ ನೀತಿ ಬ್ಯಾಡೇನ್ರೀ?" ಎಂದಳು ಜಯದೇವಿ.

ಆ ಸಂಜೆಯೇ ಬೆಲ್ಲಾ ಮನೆ ತುಂಬಿದಳು. ಗಂಡ ಹೆಂಡತಿ ಇಬ್ಬರ ಫೋನಿಗೂ ಸೇರಿ ಒಂದೇ ಫ್ಯಾಮಿಲಿ ಪ್ಲಾನು. ಅದರ ಯಜಮಾನ ಶಿವಬಸಪ್ಪ. ಇಬ್ಬರಿಗೂ ಯಾರು ಯಾರು ಫೋನ್ ಮಾಡಿದರೆಂಬ ವರದಿ ಪ್ರತಿ ಭಾನುವಾರ ಯಜಮಾನನಿಗೆ ಬರುತ್ತದೆಂದು ಎಲ್ಲೋ ಸಣ್ಣಕ್ಷರದಲ್ಲಿ ಬರೆದಿತ್ತು. ಸಣ್ಣಕ್ಷರ ಓದುವ ಅಭ್ಯಾಸವಿದ್ದಿದ್ದರೆ ಶಿವಬಸಪ್ಪ ಶಿವಬಸಪ್ಪನಾಗಿ ಇರುತ್ತಲೇ ಇರಲಿಲ್ಲ.

ಬೆಲ್ಲಾಳಿಗೆ ಬರುವುದು ಇಂಗ್ಲಿಷ್ ಒಂದೇ. ಬೇರೆ ಭಾಷೆ ಬಾರದೆಂದು ಒಪ್ಪಿಕೊಳ್ಳುವ ಗುಣ ಮಾತ್ರ ಅವಳಿಗಿರಲಿಲ್ಲ. ಕಿವಿಗೆ ಏನೇ ಬಿದ್ದರೂ ಅದಕ್ಕೆ ಹತ್ತಿರದ ಇಂಗ್ಲಿಷ್ ಮಾತು ಹುಡುಕಿ ಬರೆದುಬಿಡುತ್ತಿದ್ದಳು. ಜಯದೇವಿಯ ತಮ್ಮ ಸತ್ಯ ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಸರಕು ಕಂಪನಿಯಲ್ಲಿ ಕೆಲಸ ಮಾಡುವವನು. ಆಫೀಸ್ ಫೋನಿನಿಂದ ಅಕ್ಕನಿಗೆ ಫೋನ್ ಮಾಡಿ ಮೊದಲು ಸಿಕ್ಕಿಬಿದ್ದವನು ಅವನೇ. "ನಮ್ಮಕ್ಕನ ಕೂಡ ಮಾತಾಡಾಕ ನನ್ನ ಹೆಸರ ಕೇಳಾಕ ಇಕಿ ಯಾರು?" ಎಂದು ಅವನು ಕೂಗಾಡಿದ್ದನ್ನು ಬೆಲ್ಲಾ, "ಹೆಸರು ಹೇಳಲಿಲ್ಲ, ಸಿಟ್ಟಿನಲ್ಲಿದ್ದಾರೆ" ಎಂದು ಬರೆದಳು. ಆಮೇಲೆ ಅವನು ಸ್ವಂತ ಫೋನಿನಿಂದ ಮಾಡಿ, "ಭಾವಾರು ಮನ್ಯಾಗ ಸೆಕ್ರೆಟರಿ ಇಟ್ಕೊಂಡಾರಂತ? ಭೇಷ್ ಆತು" ಎಂದ.

ಇನ್ನು ಶಿವಬಸಪ್ಪನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಡೆಟ್ರಾಯ್ಟ್ ಕಡೆಯ ಒಂದು ಲ್ಯಾಬಿನಲ್ಲಿ ಹೊಸ ಕಾರಿನ ಬಾಗಿಲನ್ನು ಒಂದು ಯಂತ್ರ ದಿನವಿಡೀ ತೆರೆಯುತ್ತದೆ, ಧಡ್ ಎಂದು ಬಡಿಯುತ್ತದೆ. ಬಾಗಿಲು ಎಲ್ಲಿಯವರೆಗೆ ತಾಳುತ್ತದೆ ಎಂದು ಶಿವಬಸಪ್ಪ ನೋಡುತ್ತಿರುತ್ತಾನೆ. ಹೊಸ ಕಾರಿನ ಚಿತ್ರ ಹೊರಗೆ ಹೋಗಬಾರದೆಂದು ಒಳಗೆ ಹೋಗುವವರೆಲ್ಲ ಮೊಬೈಲನ್ನು ಬಾಗಿಲ ಬಳಿಯ ಲಾಕರಿನಲ್ಲಿಟ್ಟು ಹೋಗಬೇಕು. ಹಾಗಾಗಿ ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡುವುದು ಗೋಡೆಗೆ ತೂಗುಹಾಕಿದ ಲ್ಯಾಬಿನ ಹಳೆಯ ಫೋನಿನಿಂದ.

ಬೆಲ್ಲಾ ಬಂದ ಮೇಲೆ ಆ ಫೋನಿಗೂ ತಡೆ ಬಿತ್ತು.

"ನಮಸ್ಕಾರ. ಯಾರು ಮಾತಾಡುತ್ತಿರುವುದು, ತಿಳಿಸುವಿರಾ?" ಎಂದಳು ಬೆಲ್ಲಾ ಇಂಗ್ಲಿಷಿನಲ್ಲಿ.

ನಮ್ಮ ಕಡೆಯ ಮನುಷ್ಯನನ್ನು ಬಾಗಿಲಾಚೆಯಿಂದ ಯಾರು ಎಂದು ಕೇಳಿದರೆ ಅವನು ಹೆಸರು ಹೇಳುವುದಿಲ್ಲ. ನಾನು ಎನ್ನುತ್ತಾನೆ. ಒಳಗಿದ್ದವರಿಗೆ ತಿಳಿಯಬೇಕು. ಅದರಲ್ಲೂ ಕೇಳಿದ್ದು ಮರ್ಯಾದಸ್ಥ ಹೆಣ್ಣುದನಿ. ರೀ ಹಚ್ಚದೆ ಮಾತಾಡುವ ಮನೆತನ ಶಿವಬಸಪ್ಪನದಲ್ಲ.

"ನಾನ್ರೀ" ಎಂದ. ಹಿಂದೆ ಬಾಗಿಲು ಧಡ್ ಎಂದಿತು.

"ಧನ್ಯವಾದ. ಕರೆ ಮಾಡಿದ ಕಾರಣ?"

ಇದಕ್ಕೂ ನಮ್ಮ ಕಡೆ ಒಂದೇ ಉತ್ತರ. "ಸುಮ್ಮರೀ" ಎಂದ. ಮತ್ತೆ ಧಡ್.

ಜಯದೇವಿ ಫೋನ್ ಎತ್ತಿದಳು. ಊಟ ಆಯಿತೇ, ಮೊಣಕಾಲು ನೋವು ಹೇಗಿದೆ, ಕಿಟಕಿಯ ಮುಂದಿನ ಕೆಂಪು ಹಕ್ಕಿ ಇವತ್ತೂ ಬಂದಿತ್ತೇ ಎಂದೆಲ್ಲ ಅವನು ಧಡ್ ಧಡ್ ನಡುವೆ ಕೂಗಿ ಕೂಗಿ ಕೇಳಿದ. ಸಂಜೆ ಮನೆಗೆ ಬಂದರೆ ಟೀವಿಯ ಮುಂದೆ ಕುಳಿತು ಹೂಂ ಎನ್ನುವುದಕ್ಕೂ ಆಲೋಚಿಸುವ ಮನುಷ್ಯನಿಗೆ ಲ್ಯಾಬಿನಲ್ಲಿ ಮಾತ್ರ ಎಲ್ಲಿಲ್ಲದ ಮಾತು. ಅಲ್ಲಿ ಟೀವಿ ಇರಲಿಲ್ಲ.

ಹೀಗೆ ವಾರ ಕಳೆದು ಭಾನುವಾರ ಬೆಳಿಗ್ಗೆ ವರದಿ ಬಂತು.

"ಶಿವಬಸಪ್ಪ: ಈ ವಾರ ನಿಮ್ಮನ್ನು ಯಾರೂ ಮಾತಾಡಿಸಲಿಲ್ಲ. ಅಭಿನಂದನೆಗಳು." ಶಿವಬಸಪ್ಪನ ಎದೆ ಉಬ್ಬಿತು. ಇದನ್ನು ಪಂಚಾಕ್ಷರಿಗೆ ಕಳಿಸಬೇಕು ಎಂದು ಬೆರಳು ಎತ್ತಿದವನ ಕಣ್ಣು ಕೆಳಗಿನ ಸಾಲಿಗೆ ಜಾರಿತು.

"ಜಯದೇವಿ: ಹೆಚ್ಚು ಕರೆ ಮಾಡಿದವರು, ಹೆನ್ರಿ. ವಿಷಯ, ಸಮ್ಮರ್. ಪ್ರತಿ ಸಲವೂ ಎತ್ತಿದ್ದಾರೆ."

ಶಿವಬಸಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ದಿನ ಬಿಡದೆ ಹೆನ್ರಿ. ಅದೂ ಮಧ್ಯಾಹ್ನ, ಗಂಡ ಮನೆಯಲ್ಲಿಲ್ಲದ ಹೊತ್ತು. ತಾನು ಫೋನ್ ಮಾಡುವುದೂ ಅದೇ ಹೊತ್ತಿಗಲ್ಲವೇ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದು ಬೇರೆ ರೀತಿಯಲ್ಲಿ: ತಾನು ಫೋನ್ ಇಡುವುದನ್ನೇ ಆ ಹೆನ್ರಿ ಕಾಯುತ್ತಾ ಕೂತಿರುತ್ತಾನೆ. ನಂಬರ್ ನೋಡಿದ. ಈ ಕಡೆಯದೇ. ಎಲ್ಲೋ ನೋಡಿದ ಹಾಗೂ ಅನಿಸಿತು. ಕಳ್ಳರ ನಂಬರೆಲ್ಲ ಎಲ್ಲೋ ನೋಡಿದ ಹಾಗೇ ಇರುತ್ತವೆ ಎಂದುಕೊಂಡ. ಅದಕ್ಕೆ ಫೋನ್ ಮಾಡಿದ. "ಈ ನಂಬರಿಗೆ ಹೊರಗಿನ ಕರೆಗಳು ಬರುವುದಿಲ್ಲ" ಎಂದಿತು. ಎಷ್ಟು ಪಳಗಿದ ಆಸಾಮಿ.

ಅಡಿಗೆಮನೆಗೆ ಹೋದ. ಜಯದೇವಿ ರೊಟ್ಟಿ ಬಡಿಯುತ್ತಿದ್ದಳು.

"ಈ ಸಮ್ಮರ್‌ನ್ಯಾಗ ಏನರ ಪ್ಲಾನ್ ಐತೇನು?"

"ಹೊರಗ ಮೊಣಕಾಲ ಮಟ ಸ್ನೋ ಬಿದ್ದೈತಿ. ಸಮ್ಮರ್ ಎಲ್ಲಿಂದ ಬಂತ್ರಿ?"

"ಬರತೈತಿ. ಕೆಲವರು ಈಗಿಂದನ ತಯಾರಿ ನಡಸ್ಯಾರ."

"ಯಾರು?"

"ಅದನ್ನ ನೀನ ಹೇಳಬೇಕು."

"ನಂಗೇನ್ ಗೊತ್ತು? ಯಾಕ ಕೇಳಾಕತ್ತೀರಿ?"

"ಸುಮ್ಮ" ಎಂದ ಶಿವಬಸಪ್ಪ.

ಆ ಮಾತಿಗೆ ಜಯದೇವಿ ಒಬ್ಬಳೇ ನಕ್ಕಳು. ಒಳಗೊಳಗೇ, ತುಟಿಯ ತುದಿಯಲ್ಲಿ. ಮದುವೆಯಾದ ಹೊಸದರಲ್ಲಿ ತನ್ನನ್ನು ನೋಡಿ ನಗುತ್ತಿದ್ದ ನಗೆ ಅದು. ಈಗ ರೊಟ್ಟಿಯನ್ನು ನೋಡಿ ನಗುತ್ತಿದ್ದಾಳೆ. ಶಿವಬಸಪ್ಪನ ಹೊಟ್ಟೆಯೊಳಗೆ ಹಂಚು ಕಾಯಿತು.

ಹೆನ್ರಿ ಎಂಬ ಹೆಸರಿನವನು ಹುಡುಕಿಕೊಂಡು ಹೋಗಬೇಕಾದಷ್ಟು ದೂರವೇನಿರಲಿಲ್ಲ. ಎದುರು ಮನೆಯಲ್ಲೇ ಇದ್ದ. ಸ್ಕೂಲ್ ಬಸ್ ಓಡಿಸಿ ನಿವೃತ್ತನಾದ ಒಂಟಿ ಮುದುಕ. ಹೋದ ಬೇಸಿಗೆಯಲ್ಲಿ ಒಂದು ಬುಟ್ಟಿ ಟೊಮ್ಯಾಟೊ ತಂದುಕೊಟ್ಟಿದ್ದ. ಜಯದೇವಿ ಅವನಿಗೆ ಒಂದು ಬಾಟಲಿ ಶೇಂಗಾ ಹಿಂಡಿ ಕೊಟ್ಟಿದ್ದಳು. ಆಗ ಶಿವಬಸಪ್ಪನಿಗೆ ಅದು ನೆರೆಹೊರೆಯಾಗಿ ಕಂಡಿತ್ತು.

ಹೆನ್ರಿ ಹಿಮ ಕರಗಲೆಂದು ಮನೆ ಮುಂದಿನ ಡ್ರೈವ್‌ವೇ ಮೇಲೆ ಉಪ್ಪು ಚೆಲ್ಲುತ್ತಿದ್ದ. ಶಿವಬಸಪ್ಪ ರಸ್ತೆ ದಾಟಿ ಹೋಗಿ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದ. "ಹೆನ್ರಿ, ನಿಮಗೆ ಸಮ್ಮರ್ ಎಂದರೆ ಇಷ್ಟವೇ?"

"ಮಿಷಿಗನ್ನಿನಲ್ಲಿದ್ದುಕೊಂಡು ಯಾರಿಗೆ ಇಷ್ಟವಿಲ್ಲ?"

"ಈ ಸಲ ಏನು ಮಾಡಬೇಕೆಂದಿದ್ದೀರಿ?"

"ಟೊಮ್ಯಾಟೊ. ಎರಡು ಸಾಲು ಹೆಚ್ಚು ಹಾಕುತ್ತೇನೆ. ಜಯಾಗೆ ಆಗಲೇ ಹೇಳಿದ್ದೇನೆ."

ಜಯಾ. ಕಟ್ಟಿಕೊಂಡ ಗಂಡ ಒಂದು ದಿನವೂ ಆ ಹೆಸರಿನಿಂದ ಕರೆದವನಲ್ಲ. ಕರೆಯಬೇಕಾದಾಗ "ಕೇಳಿಲ್ಲೆ" ಎನ್ನುತ್ತಿದ್ದ.

"ಫೋನಿನಲ್ಲಿ ಹೇಳಿದಿರೋ?"

"ಫೋನ್ ಯಾಕೆ? ಎದುರಿಗೇ ಮನೆ ಇದೆಯಲ್ಲ. ಹಾಂ, ಆ ಶೇಂಗಾ ಪುಡಿ ಮುಗಿಯಿತೆಂದು ಅವಳಿಗೆ ತಿಳಿಸಿ. ಅದಿಲ್ಲದೆ ಈಗ ನನಗೆ ಮೊಟ್ಟೆ ಗಂಟಲಲ್ಲಿ ಇಳಿಯುವುದಿಲ್ಲ."

ಕಳ್ಳ ತಾನಾಗಿ ಒಪ್ಪಿಕೊಂಡದ್ದನ್ನು ಶಿವಬಸಪ್ಪ ಮೊದಲ ಸಲ ನೋಡಿದ. ಉಪ್ಪಿನ ಮೇಲೆ ಕಾಲಿಟ್ಟು ಜಾರದೆ ಹಿಂದಿರುಗಿದ.

ಹೆನ್ರಿಯನ್ನು ಬ್ಲಾಕ್ ಮಾಡುವುದೊಂದೇ ಉಳಿದ ದಾರಿ. ಮಗಳು ಐಶ್ವರ್ಯಾಗೆ ಫೋನ್ ಮಾಡಿದ. ಅವಳು ಶಿಕಾಗೋದಲ್ಲಿ ಕೆಲಸಕ್ಕಿದ್ದಳು.

"ಐಶು, ನನ್ನ ಫ್ರೆಂಡ್ ಒಬ್ಬಂವ ಅದಾನ. ಅವನ ಹೆಂಡ್ತಿಗೆ ಯಾವನೋ ದಿನಾ ಫೋನ್ ಮಾಡಿ ಕಾಡ್ತಾನ. ಬ್ಲಾಕ್ ಮಾಡೂದು ಹೆಂಗ?"

"ಡಸ್ ಶೀ ವಾಂಟ್ ಹಿಮ್ ಬ್ಲಾಕ್ಡ್, ಅಪ್ಪಾ?"

"ಅಕೀಗ ಯಾಕ ಕೇಳಬೇಕು?"

"ದಟ್ಸ್ ಕ್ರೀಪಿ, ಅಪ್ಪಾ. ಟೆಲ್ ಯುವರ್ ಫ್ರೆಂಡ್ ಟು ಟಾಕ್ ಟು ಹಿಸ್ ವೈಫ್."

ಇಲ್ಲಿ ಹುಟ್ಟಿದ ಮಕ್ಕಳಿಗೆ ಸಂಸಾರದ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡು ಶಿವಬಸಪ್ಪ ತಾನೇ ಕೈಹಾಕಿದ. ಬ್ಲಾಕ್ ಮಾಡಬೇಕಾದರೆ ಯಜಮಾನ ನೀವೇ ಎಂದು ಖಾತ್ರಿಯಾಗಬೇಕು, ಅದಕ್ಕಾಗಿ ಕಂಪನಿಯಿಂದ ಈಗ ನಿಮಗೆ ಫೋನ್ ಬರುತ್ತದೆ ಎಂದಿತು. ಬಂತು. ಬೆಲ್ಲಾ ಅದನ್ನೂ ಬಾಗಿಲಲ್ಲಿ ತಡೆದು, ಯಾರು ಎಂದಳು. ಆ ಕಡೆಯ ದನಿಯೂ ಬೆಲ್ಲಾಳದೇ; ನಾನು ಬೆಲ್ಲಾ ಎಂದಿತು. ಶಿವಬಸಪ್ಪ ಎತ್ತುವುದರೊಳಗೆ ಫೋನಿನ ಮೇಲೆ ಅಕ್ಷರ ಮೂಡಿತು: "ಮೋಸಗಾರರು. ನನ್ನ ಹೆಸರು ಹೇಳಿಕೊಂಡು ಬಂದಿದ್ದರು. ಓಡಿಸಿದ್ದೇನೆ."

ಮತ್ತೆ ಮಾಡಿದ. ಮತ್ತೆ ಬೆಲ್ಲಾ ಬೆಲ್ಲಾಳನ್ನು ಓಡಿಸಿದಳು. ಕೊನೆಗೆ ಗ್ರಾಹಕರ ಸೇವೆಗೆ ಫೋನ್ ಹಚ್ಚಿ, ಸಂಗೀತ ಕೇಳಿ ಕೇಳಿ ಕಿವಿ ಬಿಸಿಯಾದ ಮೇಲೆ ಅರುಣ್ ಕುಮಾರ್ ಎಂಬುವನು ಸಿಕ್ಕ. ಹೆಸರು, ವಿಳಾಸ ಕೇಳುವ ಹೊತ್ತಿಗೆ ಅವನ ಇಂಗ್ಲಿಷ್ ಸಡಿಲಾಯಿತು.

"ಸಾರ್, ನೀವು ಕನ್ನಡದವ್ರಾ? ನಾನು ಬೆಂಗ್ಳೂರಿಂದ ಮಾತಾಡ್ತಿರೋದು. ಹೇಳಿ ಸಾರ್, ಏನ್ ತೊಂದ್ರೆ?"

"ಹೆನ್ರಿ ಅಂತ ಒಬ್ಬಂವ ನಮ್ಮ ಮನ್ಯಾವ್ರಿಗೆ ದಿನಾ ಫೋನ್ ಮಾಡ್ತಾನ್ರಿ. ಬಂದ್ ಮಾಡ್ರಿ."

"ಬೇಜಾರ್ ಮಾಡ್ಕೊಬೇಡಿ ಸಾರ್, ಈ ಥರ ರಿಕ್ವೆಸ್ಟು ದಿನಾ ಬರತ್ತೆ. ರೂಲ್ಸ್ ಪ್ರಕಾರ ಒಂದೆರಡು ಪ್ರಶ್ನೆ ಕೇಳ್ಬೇಕು. ಕಾಲ್ ರೆಕಾರ್ಡ್ ಆಗ್ತಿರತ್ತೆ. ಈ ಹೆನ್ರಿ ನಿಮ್ಮ ಫ್ಯಾಮಿಲಿ ಮೆಂಬರ್ರಾ?"

"ಅವಂಗೂ ನಮ್ಮ ಮನೆತನಕ್ಕೂ ಸಂಬಂಧಿಲ್ರಿ."

"ನಿಮಗೆ ಅವರ ಪರಿಚಯ?"

"ಅಂಥಾವನ ಮಾರಿ ನೋಡೂದಿಲ್ರಿ ನಾ."

"ಅವರಿಂದ ಮನೆಗೆ ಏನಾದ್ರೂ ಉಪಯೋಗ ಇದೆಯಾ ಸಾರ್?"

"ಮೂರ ಕಾಸಿಂದಿಲ್ಲ. ಬರಕೋರಿ."

ಅರುಣ್ ಕುಮಾರ್ ಬರೆದುಕೊಂಡು ಆ ನಂಬರನ್ನು ತಡೆದ. ಹೆನ್ರಿಯ ಬಾಯಿ ಬಂದ್ ಆಯಿತು.

ಮರುದಿನ ಮಧ್ಯಾಹ್ನ ಶಿವಬಸಪ್ಪ ಗೆದ್ದ ಪೈಲವಾನನ ಹಾಗೆ ಗೋಡೆಯ ಫೋನಿಗೆ ಕೈಹಾಕಿದ. ಇವತ್ತು ನಿಧಾನವಾಗಿ ಮಾತಾಡಬಹುದು. ಹಿಂದೆ ಯಾರೂ ಕಾಯುತ್ತಿಲ್ಲ. ಬೆಲ್ಲಾ ಎತ್ತಿದಳು. ಆದರೆ ಯಾರು ಎಂದು ಕೇಳಲಿಲ್ಲ.

"ಕ್ಷಮಿಸಿ. ಈ ಮನೆಯವರಿಗೆ ನಿಮ್ಮ ಕರೆ ಬೇಕಾಗಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಬೇಡಿ."

ಧಡ್ ಎಂದು ಬಾಗಿಲು ಮುಚ್ಚಿತು. ಅದು ಕಾರಿನದು.

ಶಿವಬಸಪ್ಪ ಫೋನನ್ನು ಕಿವಿಯಿಂದ ತೆಗೆದು ನೋಡಿದ, ಮತ್ತೆ ಹಚ್ಚಿದ. ವಿಷಯ ಸ್ಪಷ್ಟವಾಗಿತ್ತು. ಹೆನ್ರಿಯನ್ನು ತಾನು ಬ್ಲಾಕ್ ಮಾಡಿದ್ದು ಜಯದೇವಿಗೆ ಗೊತ್ತಾಗಿದೆ. ಸೇಡಿಗೆ ಗಂಡನನ್ನೇ ಬ್ಲಾಕ್ ಮಾಡಿದ್ದಾಳೆ. ಯಾವನೋ ಟೊಮ್ಯಾಟೊ ಮುದುಕನಿಗಾಗಿ.

ಸಂಜೆ ಮನೆಯಲ್ಲಿ ಟೀವಿ ಮಾತ್ರ ಮಾತಾಡಿತು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಜಯದೇವಿ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟು, "ಮಧ್ಯಾಹ್ನ ಭಾಳ ಕೆಲಸ ಇರತೈತೇನು?" ಎಂದಳು.

"ನಮಗ ಕೆಲಸ ಇರತೈತಿ. ಕೆಲವರಿಗೆ ಇರೂದಿಲ್ಲ."

"ಒಂದು ಫೋನ್ ಮಾಡಾಕೂ ಪುರಸೊತ್ತಿಲ್ಲೇನು?"

"ಮಾಡಾವ್ರು ಬ್ಯಾರೆ ಇರತಾರಲ್ಲಾ."

ಜಯದೇವಿ ಅವನ ಮುಖವನ್ನೇ ನೋಡಿದಳು. ಆಮೇಲೆ, "ಯುಗಾದಿಗೆ ಸತ್ಯನ ಮನಿಗೆ ಹೊಂಟೀನಿ. ಲೆಮಾಂಟ್ ಗುಡ್ಯಾಗ ಊಟ ಐತಿ. ಹೆಣ್ಮಕ್ಕಳೆಲ್ಲಾ ಒಂದ ಕಾರಿನ್ಯಾಗ ಹೊಂಟೇವಿ. ನಿಮಗ ಹೆಂಗೂ ಕೆಲಸ" ಎಂದು ಬಟ್ಟೆ ತುಂಬಿಕೊಂಡಳು. ಶುಕ್ರವಾರ ಹೊರಟೂಹೋದಳು.

ಶನಿವಾರ ಬೆಳಿಗ್ಗೆ ಶಿವಬಸಪ್ಪ ಪರದೆ ಸರಿಸಿ ನೋಡಿದ. ಎದುರು ಮನೆಯ ಗ್ಯಾರೇಜು ಬಾಯಿ ತೆರೆದುಕೊಂಡು ನಿಂತಿತ್ತು. ಒಳಗೆ ಕಾರಿರಲಿಲ್ಲ.

ಶಿವಬಸಪ್ಪ ಪಂಚಾಕ್ಷರಿಯನ್ನು ಹಾಸಿಗೆಯಿಂದ ಎಬ್ಬಿಸಿ ಕಾರಿಗೆ ಹಾಕಿಕೊಂಡು ಲೆಮಾಂಟಿನ ದಾರಿ ಹಿಡಿದ. ಇಂಥ ಹೊತ್ತಿನಲ್ಲಿ ಸಾಕ್ಷಿಗೆ ಒಬ್ಬರು ಬೇಕು. ಆ್ಯನ್ ಆರ್ಬರ್ ದಾಟುವುದರೊಳಗೆ ಕಥೆಯನ್ನೆಲ್ಲ ಹೇಳಿ ಮುಗಿಸಿದ. ಪಂಚಾಕ್ಷರಿ ಸಮಾಧಾನ ಹೇಳಲಿಲ್ಲ.

"ದಿನಾ ಮಾಡ್ತಾನೇನು ಅಂವಾ?" ಎಂದು ಕೇಳಿದ.

"ದಿನಾ."

"ಅಕಿ ಪ್ರತಿ ಸಲಾನೂ ಎತ್ತತಾಳೇನು?"

"ಎತ್ತತಾಳ."

"ನೀ ಪುಣ್ಯವಂತ ಬಿಡು. ನಿನ್ನ ಹೆಂಡ್ತಿಗೆ ಹೆನ್ರಿನರ ಫೋನ್ ಮಾಡ್ತಾನ. ನನ್ನ ಹೆಂಡ್ತಿಗೆ ನಾನೂ ಮಾಡೂದಿಲ್ಲ." ಅವನ ದನಿಯಲ್ಲಿ ಅಪ್ಪಟ ಹೊಟ್ಟೆಕಿಚ್ಚಿತ್ತು. ಬೇರೆ ದಿನವಾಗಿದ್ದರೆ ಪಂಚಾಕ್ಷರಿ ತನ್ನನ್ನು ಕಂಡು ಹೊಟ್ಟೆ ಉರಿದುಕೊಂಡನೆಂದು ಶಿವಬಸಪ್ಪ ಹೋಳಿಗೆ ಮಾಡಿಸುತ್ತಿದ್ದ. ಇವತ್ತು ಆ ಸುಖವೂ ದಕ್ಕಲಿಲ್ಲ.

ಲೆಮಾಂಟಿನ ಗುಡ್ಡ ಹತ್ತುವ ಹೊತ್ತಿಗೆ ಪೂಜೆ ಮುಗಿದು ಊಟ ನಡೆದಿತ್ತು. ಪಾರ್ಕಿಂಗಿನಲ್ಲಿ ಹೆನ್ರಿಯ ಹಳೆಯ ಕಾರು ಕಾಣಲಿಲ್ಲ, ಬೇರೆಲ್ಲೋ ಅಡಗಿಸಿದ್ದಾರೆ. ಊಟದ ಹಾಲಿನ ಬಾಗಿಲಲ್ಲಿ ಯಾರೋ ಬೇವು ಬೆಲ್ಲ ಕೈಗಿಟ್ಟರು. ಬೆಲ್ಲದ ಹೆಸರು ಕೇಳಿ ಶಿವಬಸಪ್ಪ ಬೇವನ್ನಷ್ಟೇ ತಿಂದ. ಒಳಗೆ ಇಡೀ ಅಮೆರಿಕದ ಕನ್ನಡಿಗರೇ ಕುಳಿತಂತಿತ್ತು. ಆ ಸೀರೆಗಳ ನಡುವೆ ಜಯದೇವಿ ಎಲ್ಲಿ ಎಂದು ಹುಡುಕುವುದು?

"ಫೋನ್ ಮಾಡು" ಎಂದ ಪಂಚಾಕ್ಷರಿ.

"ನನ್ನ ಬ್ಲಾಕ್ ಮಾಡ್ಯಾಳ."

"ಹಂಗಾರ ಬ್ಯಾರೆಯವರ ಫೋನಿಂದ ಮಾಡು. ನಂದು ಬ್ಯಾಡ. ನಂದು ಆಕಿಗೆ ಗುರ್ತ ಐತಿ."

ಬಾಗಿಲ ಹತ್ತಿರ ಪ್ರಸಾದ್ ಎಂಬ ಸ್ವಯಂಸೇವಕ ನೀರಿನ ಲೋಟ ಜೋಡಿಸುತ್ತಿದ್ದ. "ಒಂದ್ ನಿಮಿಷ ಅಂಕಲ್, ತಗೊಳ್ಳಿ" ಎಂದು ತನ್ನ ಫೋನ್ ಕೊಟ್ಟ. ಶಿವಬಸಪ್ಪ ನಂಬರ್ ಒತ್ತಿದ. ಹೇಳಬೇಕಾದ ಮಾತನ್ನೆಲ್ಲ ದಾರಿಯ ಕಲಮಜೂ ಊರಿನಿಂದಲೇ ಉರು ಹೊಡೆದುಕೊಂಡು ಬಂದಿದ್ದ. ಮಾನ, ಮರ್ಯಾದೆ, ಮನೆತನ, ಟೊಮ್ಯಾಟೊ, ಎಲ್ಲ ಅದರಲ್ಲಿತ್ತು.

"ನಮಸ್ಕಾರ. ಯಾರು ಮಾತಾಡುತ್ತಿರುವುದು?" ಎಂದಳು ಬೆಲ್ಲಾ.

"ನಾನ್ರೀ."

"ಕರೆ ಮಾಡಿದ ಕಾರಣ?"

ಉರು ಹೊಡೆದದ್ದೆಲ್ಲ ಗಂಟಲವರೆಗೆ ಬಂತು. ಬಾಯಿಂದ ಹೊರಬಿದ್ದದ್ದು ಮಾತ್ರ ಹುಟ್ಟಾ ಬಂದ ಮಾತು. "ಸುಮ್ಮರೀ."

ಹಾಲಿನ ಆ ತುದಿಯಲ್ಲಿ, ಕಂಬದ ಪಕ್ಕದ ಪಂಕ್ತಿಯಿಂದ ಜಯದೇವಿಯ ದನಿ ಎದ್ದಿತು. "ಏ, ಹೆನ್ರಿ ಫೋನ್ ಬಂತು ನೋಡ್ರೆ. ಇಷ್ಟ ದಿನಾ ಎಲ್ಲಿ ಸತ್ತಿದ್ದನೋ ಏನೋ." ಸುತ್ತಲಿನ ಹೆಂಗಸರು ಗೊಳ್ಳೆಂದು ನಕ್ಕರು.

ಶಿವಬಸಪ್ಪ ಆ ದನಿಯ ಕಡೆ ತಿರುಗಿದ. ಹಾಡುಹಗಲು, ದೇವರ ಗುಡಿಯಲ್ಲಿ, ಎಲ್ಲರಿಗೂ ಹೇಳಿಕೊಂಡು.

"ಹೇಳ್ರಿ ಹೆನ್ರಿ" ಎಂದಳು ಜಯದೇವಿ. ಅದು ಹಾಲಿನ ಆ ತುದಿಯಿಂದಲೂ ಕೇಳಿತು, ಅವನ ಕಿವಿಗೆ ಹಚ್ಚಿದ ಫೋನಿನಿಂದಲೂ ಕೇಳಿತು.

"ಎಲ್ಲದಾನ ಅಂವಾ?" ಶಿವಬಸಪ್ಪ ಗುಡುಗಿದ. ಅದೂ ಎರಡು ಕಡೆ ಕೇಳಿತು. ಪಂಕ್ತಿಯಲ್ಲಿದ್ದವರು ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ತಿರುಗಿದರು. ಜಯದೇವಿ ಎದ್ದು ನಿಂತಳು, ಕಿವಿಯಲ್ಲಿ ಫೋನು.

"ಅಯ್ಯ, ನೀವ್ಯಾವಾಗ ಬಂದ್ರಿ?"

"ಯಾರ ಕೂಡ ಮಾತಾಡಾಕತ್ತಿ?"

"ನಿಮ್ಮ ಕೂಡ."

"ಹೆನ್ರಿ ಅಂದಿ."

"ಹೌದು. ಹೆನ್ರಿ ಕೂಡ."

ಪಂಚಾಕ್ಷರಿ ಮೊದಲು ಓಡಿಹೋಗಿ ಅವಳ ಫೋನಿಗೆ ಕಣ್ಣು ಹಾಕಿದ. "ಹೆನ್ರಿ. ಸಮ್ಮರ್" ಎಂದು ಗಟ್ಟಿಯಾಗಿ ಓದಿದ. ತುಟಿಯಲ್ಲೇ ಎರಡು ಸಲ ಹೇಳಿಕೊಂಡ: ನಾನ್ರೀ, ಹೆನ್ರಿ, ಸುಮ್ಮರೀ, ಸಮ್ಮರ್. ಆಮೇಲೆ ಖಾಲಿ ಕುರ್ಚಿಯೊಂದನ್ನು ಹಿಡಿದುಕೊಂಡು ನಿಧಾನವಾಗಿ ಅದರ ಮೇಲೆ ಕುಸಿದ. ಅವನ ಭುಜಗಳು ಕುಣಿಯುತ್ತಿದ್ದವು.

"ಆ ಬೆಲ್ಲಾ ಹಂಗ ಬರೀತಾಳ್ರೀ" ಎಂದಳು ಜಯದೇವಿ. "ಮೊದಲ ದಿವಸ ನಂಗೂ ತಿಳೀಲಿಲ್ಲ. ಎತ್ತಿದ್ರ ನೀವು. ನಿಮ್ಮ ಲ್ಯಾಬಿನ ನಂಬರ್ ಸೇವ್ ಮಾಡಿದ್ರ ಅಕಿ ಕೇಳೂದ ಬಿಡತಾಳಂತ ಬೇಕಂತ ಮಾಡಲಿಲ್ಲ. ದಿನಾ ಹೆನ್ರಿ ಅಂತ ಬರೂದು ನೋಡಿದ್ರ ಒಂದ್ ನಗಿ. ಅದಿರ್ಲಿ, ಇಷ್ಟ ದಿನಾ ಯಾಕ ಮಾಡಲಿಲ್ಲ?"

"ನೀ ಬ್ಲಾಕ್ ಮಾಡಿದ್ದಿ."

"ನಾ ಎಲ್ಲಿ ಮಾಡೀನಿ? ಯಜಮಾನ್ರು ನೀವು."

ಶಿವಬಸಪ್ಪ ಬಾಯಿ ತೆರೆದ, ಮುಚ್ಚಿದ. ಲ್ಯಾಬಿನ ಬಾಗಿಲು ಎಷ್ಟನೆಯ ಬಡಿತಕ್ಕೆ ಕಳಚುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದೀಗ ಅದೇ ಬಡಿತ. "ಬ್ಲಾಕ್ ಮಾಡಿದ್ದು ನಾನ" ಎಂದ. "ನಿನ್ನಲ್ಲ. ಹೆನ್ರಿನ್ನ."

ಸತ್ಯ ಹೋಳಿಗೆಯ ತಾಟು ಹಿಡಿದುಕೊಂಡೇ ಮುಂದೆ ಬಂದ. "ಅಂದ್ರ ಭಾವಾರ, ನಿಮ್ಮನ್ನ ನೀವ ಬ್ಲಾಕ್ ಮಾಡ್ಕೊಂಡ್ರಿ?"

"ಕಂಪನಿಯವ್ರು ಕೇಳಿದ್ರು" ಎಂದ ಶಿವಬಸಪ್ಪ, ಅದೇನೋ ದೊಡ್ಡ ಸಮರ್ಥನೆ ಎಂಬಂತೆ. "ಅವಂಗೂ ನಮ್ಮ ಮನೆತನಕ್ಕೂ ಸಂಬಂಧಿಲ್ಲಂತ ಬರಸೀನಿ."

ನಗು ಪಂಕ್ತಿಯಿಂದ ಪಂಕ್ತಿಗೆ ಸಾಂಬಾರಿನ ಹಾಗೆ ಬಡಿಸಿಕೊಂಡು ಹೋಯಿತು. ನಗದೆ ಉಳಿದವಳು ಜಯದೇವಿ ಒಬ್ಬಳೇ. ಅವಳಿಗೆ ಈಗ ಉಳಿದದ್ದೂ ಅರ್ಥವಾಗಿತ್ತು.

"ಹೆನ್ರಿ ಅಂದ್ರ ಎದುರಿಗಿನ ಮುದುಕ ಅನ್ಕೊಂಡ್ರೇನು?"

"ಅವನ ಗ್ಯಾರೇಜ್ ಖಾಲಿ ಇತ್ತು" ಎಂದ ಶಿವಬಸಪ್ಪ.

"ಅಂವಾ ಮಗಳ ಮನಿಗೆ ಹೋಗ್ಯಾನ. ಅವನ ಗಿಡಕ್ಕ ನೀರು ಹಾಕ್ರಿ ಅಂತ ಕೀಲಿ ಫ್ರಿಜ್ಜಿನ ಮ್ಯಾಲ ಇಟ್ಟ ಬಂದಿದ್ದೆ." ಮತ್ತೆ ಹೇಳಿದಳು. "ದಿನಾ ಫೋನ್ ಬರತಾವ್ರಿ. ಎಲ್ಲಾರಿಗೂ ಏನರ ಬೇಕಾಗಿರತೈತಿ. ಒಬ್ಬಂಗ ವಾರಂಟಿ ಮಾರಬೇಕು, ಒಬ್ಬಂಗ ಚಂದಾ ಬೇಕು, ಸತ್ಯಗ ಹೋಳಿಗಿ ಹೆಂಗ ಮಾಡೂದಂತ ಬೇಕು. ಸುಮ್ಮ ಅಂತ ಫೋನ್ ಮಾಡಾವ ಅಂವಾ ಒಬ್ಬನ ಇದ್ದ. ಅವನ್ನೂ ಓಡಿಸಿದ್ರಿ."

ಇಷ್ಟು ಹೇಳಿ ಅವಳು ಊಟಕ್ಕೆ ಕುಳಿತಳು. ಅವನಿಗೂ ಒಂದು ತಾಟು ಬಡಿಸಿಕೊಟ್ಟಳು.

ಹಿಂದಿರುಗುವಾಗ ಅವನ ಕಾರಿನಲ್ಲೇ ಬಂದಳು. ಹಿಂದಿನ ಸೀಟಿನಲ್ಲಿ ಪಂಚಾಕ್ಷರಿ ಹೋಳಿಗೆಯ ಭಾರಕ್ಕೆ ಗೊರಕೆ ಹೊಡೆಯುತ್ತಿದ್ದ. ಇಂಡಿಯಾನಾ ಇಡೀ ಒಂದು ಮಾತಿಲ್ಲದೆ ಕಳೆಯಿತು. ಮಿಷಿಗನ್ ಸೇರಿ ಪೆಟ್ರೋಲ್ ಹಾಕಿಸಲು ಹೆದ್ದಾರಿಯ ಒಂದು ಎಕ್ಸಿಟ್ಟಿನಲ್ಲಿ ನಿಂತಾಗ ಜಯದೇವಿ ಮುಂದೆ ನೋಡುತ್ತಲೇ ಹೇಳಿದಳು.

"ಮೊದಲ ಹೆನ್ರಿನ್ನ ಬಿಡಸ್ರಿ."

ಶಿವಬಸಪ್ಪ ಫೋನ್ ತೆಗೆದ. ಬೆಲ್ಲಾ ಕೇಳಿದಳು: "ಹೆನ್ರಿಯವರು ಜಯದೇವಿಯವರಿಗೆ ಯಾವಾಗ ಬೇಕಾದರೂ ಕರೆ ಮಾಡಲು ನೀವು ಒಪ್ಪುತ್ತೀರಾ?"

ಅವನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು.

"ಯಾಕ, ಏನಾತು?"

"ವಿಚಾರ ಮಾಡಾಕತ್ತೀನಿ."

"ಅಂವಾ ನೀವ ಅಲ್ಲೇನ್ರೀ?"

"ಅದು ಖರೆ. ಆದ್ರ ಅಂವಾ ಫೋನ್ ಮಾಡಿದ್ರ ನೀ ನಗತಿ. ನಾ ಮನಿಗೆ ಬಂದ್ರ ನಗೂದಿಲ್ಲ."

"ಅಂವಾ ಊಟ ಆತೇನು ಅಂತ ಕೇಳತಾನ. ನೀವು ಊಟಕ್ಕ ಏನೈತಿ ಅಂತ ಕೇಳತೀರಿ."

ಆ ಹೆನ್ರಿ ಇದ್ದಿದ್ದರೆ ಇದಕ್ಕೂ ಏನಾದರೂ ಹೇಳಿರುತ್ತಿದ್ದ. ಕಡೆಗೆ ಶಿವಬಸಪ್ಪ ಕಣ್ಣು ಮುಚ್ಚಿಕೊಂಡು ಒಪ್ಪಿಗೆ ಒತ್ತಿದ. ಬೆಲ್ಲಾ ಅಷ್ಟಕ್ಕೇ ಬಿಡಲಿಲ್ಲ. ಎಷ್ಟು ಕಾಲ ಎಂದು ಕೇಳಿ, ಕೆಳಗೆ ಎರಡು ಗುಂಡಿ ಇಟ್ಟಳು: ಯಾವಾಗಲೂ, ಮೂವತ್ತು ದಿನ.

ಜಯದೇವಿ ಬಗ್ಗಿ ನೋಡಿದಳು. ಶಿವಬಸಪ್ಪ ಫೋನನ್ನು ಸ್ವಲ್ಪ ಅತ್ತ ತಿರುಗಿಸಿಕೊಂಡು ಮೂವತ್ತು ದಿನ ಒತ್ತಿದ.

"ಇರಲಿ" ಎಂದ, ಕಾರು ಸ್ಟಾರ್ಟ್ ಮಾಡುತ್ತಾ. "ಅವನ ನಡತಿ ನೋಡಿ ಮುಂದಿಂದು ವಿಚಾರ ಮಾಡೋಣು."